ಮನೆಯೆಲ್ಲ ಕೇಳಿಸಿಕೊಂಡ ಮೈಕು

ಇಪ್ಪತ್ತೊಂದು ವರ್ಷ ಬಸ್ಸು ಓಡಿಸಿದೆ. ಹೆಚ್ಚಿನ ವರ್ಷ ನಾರಾಯಣಖೇಡದಿಂದ ಜಹೀರಾಬಾದಿಗೆ, ಜಹೀರಾಬಾದಿನಿಂದ ವಾಪಸ್ಸು ನಾರಾಯಣಖೇಡಕ್ಕೆ. ನಡುವೆ ಸ್ವಲ್ಪ ಕಾಲ ತಾಂಡೂರಿನ ಸರದಿ. ಅಷ್ಟು ವರ್ಷಗಳಲ್ಲಿ ಅಡ್ಡ ಬಂದ ಒಂದು ಮೇಕೆಗೂ ನನ್ನ ಗಾಲಿ ತಾಗಿರಲಿಲ್ಲ. ಅಂಥ ನಾನು ವಾರದ ರಜೆಯ ದಿನ ನಾಗಲಗಿದ್ದದ ಕಡೆಯ ನಮ್ಮ ಹಳ್ಳಿಗೆ ಹೋಗಿ, ಅಣ್ಣನಿಗೆ ನೆರವಾಗಲೆಂದು ಜೋಳದ ಕಣಕಿಯ ಬಣವೆ ಹತ್ತಿ, ಜಾರಿ, ಕೆಳಗೆ ನಿಂತಿದ್ದ ಟ್ರಾಲಿಯ ಅಂಚಿನ ಮೇಲೆ ಬಿದ್ದೆ. ಎಡತೊಡೆಯ ಎಲುಬು ಸೊಂಟಕ್ಕೆ ಸೇರುವ ಕಡೆ ಮುರಿಯಿತು.

ಹೈದರಾಬಾದಿನಲ್ಲಿ ರಾಡು ಹಾಕಿದರು. ಗಾಯ ಮಾಯಲಿಲ್ಲವೆಂದು ಮತ್ತೊಮ್ಮೆ ಕೊಯ್ದರು. ಎರಡನೆಯ ಸಲ ಮನೆಗೆ ಕರೆತಂದಾಗ ಕಾಲನ್ನು ನೆಲಕ್ಕೆ ಊರಕೂಡದೆಂದು ಹೇಳಿ ಕಳಿಸಿದ್ದರು. ಎಷ್ಟು ದಿನ ಎಂದು ಕೇಳಿದ್ದಕ್ಕೆ ಡಾಕ್ಟರು, ನೋಡೋಣ ಎಂದಷ್ಟೇ ಅಂದರು.

ನಾವಿದ್ದದ್ದು ನಾರಾಯಣಖೇಡದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಬಾಡಿಗೆ ಮನೆ. ಮುಂದೊಂದು ಕೋಣೆ, ಅದಕ್ಕೊಂದು ಪರದೆ, ಪರದೆಯಾಚೆ ಅಡಿಗೆಮನೆ, ಅದರ ಹಿಂದೆ ಬಚ್ಚಲು. ನನ್ನ ಮಂಚ ಮುಂದಿನ ಕೋಣೆಯ ಕಿಟಕಿಗೆ ಆನಿಸಿತ್ತು. ಕಿಟಕಿಯಾಚೆ ಪಕ್ಕದ ಮನೆಯ ಗಿಲಾವು ಮಾಡದ, ಇಟ್ಟಿಗೆ ಕಾಣುವ ಗೋಡೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಬೆಳಕು ಬರುತ್ತಿತ್ತು, ಬಿಸಿಲು ಬರುತ್ತಿರಲಿಲ್ಲ. ಬಸ್ಸುಗಳು ಮಾತ್ರ ಕೇಳುತ್ತಿದ್ದವು. ರಿವರ್ಸ್ ತೆಗೆಯುವ ಸದ್ದು, ಕಂಡಕ್ಟರನ ಸೀಟಿ, ಎರಡನೇ ಗೇರಿಗೆ ಬೀಳುವ ಹೊತ್ತಿನ ಆ ಸಣ್ಣ ಕೊಸರಾಟ. ಯಾವ ಬಸ್ಸನ್ನು ಯಾರು ಹೊಡೆಯುತ್ತಿದ್ದಾರೆಂದು ಗೇರು ಬದಲಿಸುವ ರೀತಿಯಲ್ಲೇ ಹೇಳಬಲ್ಲೆ. ನನ್ನ ಬಸ್ಸಿಗೆ ಬಂದ ಹೊಸಬ ಪ್ರತಿ ಸಲ ಗೇರು ಕೆರೆಯುತ್ತಿದ್ದ. ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಅವನು ಹೊರಟಾಗ ನಾನು ಹಲ್ಲು ಕಚ್ಚಿ ಮಲಗಿರುತ್ತಿದ್ದೆ.

ನೋಡಲು ಬರುವವರು ಮೊದಮೊದಲು ಬಹಳ. ಮೊದಲು ಕಾಲು ನೋಡುವರು, ಆಮೇಲೆ ಮುಖ. ತೆಲುಗಿನಲ್ಲಿ, ಉರ್ದುವಿನಲ್ಲಿ, ನಮ್ಮ ಮಾತಿನಲ್ಲಿ ಎಲ್ಲರೂ ಒಂದೇ ಕತೆ ಹೇಳುವರು: ಅವರಿಗೆ ಗೊತ್ತಿದ್ದ ಯಾರದೋ ಕಾಲು ಇದಕ್ಕಿಂತ ಕೆಟ್ಟದಾಗಿ ಮುರಿದಿತ್ತು, ಈಗ ಅವರು ಓಡಾಡುತ್ತಾರೆ. ಆಮೇಲೆ ಬರುವವರು ಕಡಿಮೆಯಾದರು. ನನ್ನ ಜೊತೆ ಒಂಬತ್ತು ವರ್ಷ ದುಡಿದ ಕಂಡಕ್ಟರ್ ಒಬ್ಬ ಮಾತ್ರ ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದ. ಹೆಂಡತಿ ಅಂಗನವಾಡಿ ಟೀಚರು. ಬೆಳಿಗ್ಗೆ ನನ್ನ ಮೈ ಒರೆಸಿ, ಉಣ್ಣಲಿಕ್ಕಿಟ್ಟು, ನೀರಿನ ಬಾಟಲಿ ಕೈಗೆ ಸಿಗುವಂತೆ ಮಾಡಿ ಹೋದರೆ ಮೂರು ಗಂಟೆಯ ಮೇಲೆ ಬರುವಳು. ಮಗಳು ಡಿಗ್ರಿ ಕೊನೆಯ ವರ್ಷ, ಜಹೀರಾಬಾದಿನ ಕಾಲೇಜಿಗೆ ದಿನವೂ ಬಸ್ಸಿಗೆ ಹೋಗಿಬರುವಳು. ಅವರಿಬ್ಬರೂ ಹೋದ ಮೇಲೆ ನಾನು, ಮಂಚ, ಆ ಗೋಡೆ.

ಒಂದು ಭಾನುವಾರ ಮಗಳು ತನ್ನ ಲ್ಯಾಪ್‌ಟಾಪ್ ತಂದು ನನ್ನ ಹೊಟ್ಟೆಯ ಮೇಲೆ ಸಣ್ಣ ಮಣೆ ಇಟ್ಟು ಅದರ ಮೇಲಿಟ್ಟಳು. ಬಸ್ಸು ಓಡಿಸುವ ಆಟ ಹಾಕಿಕೊಟ್ಟಿದ್ದಳು. ಯಾವುದೋ ಹಿಮದ ದೇಶ. ರಸ್ತೆ ಕನ್ನಡಿಯ ಹಾಗೆ, ಎದುರಿಗೆ ಒಂದು ಎಮ್ಮೆಯಿಲ್ಲ, ಒಂದು ಆಟೊ ಇಲ್ಲ. ಬೆರಳಿನಿಂದ ಬಸ್ಸು ಹೊಡೆಯುವುದೆಂದರೆ ಏನೆಂದು ನಕ್ಕೆ. ಆದರೆ ಸಂಜೆಯವರೆಗೆ ಬಿಡಲಿಲ್ಲ.

ಮೌನವಾಗಿ ಬಸ್ಸು ಓಡಿಸುವುದು ನನಗೆ ಬರುವುದಿಲ್ಲ. ಎರಡನೆಯ ದಿನದಿಂದಲೇ ಬಾಯಿ ಶುರುವಾಯಿತು. ಆಟದೊಳಗೆ ಕಂಡಕ್ಟರ್ ಇಲ್ಲ, ಹಾಗಾಗಿ ರೈಟ್ ಎಂದು ಹೇಳುವವನೂ ನಾನೇ. ಹಿಮದೊಳಗೆ ಒಂದು ಸ್ಟಾಪು ಬಂದರೆ, ಕಲ್ಹೇರ್ ಬಂತು ನೋಡ್ರಿ, ಇಳಿಯೋರು ಮುಂದ ಬರ್ರಿ ಎನ್ನುವೆ. ಚರ್ಚಿನ ಗೋಪುರ ಕಂಡರೆ ಅದಕ್ಕೂ ನಮ್ಮ ಕಡೆಯ ಒಂದು ಹೆಸರು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮಗಳು ಒಂದು ದಿನ, ಇದನ್ನು ಜನ ನೋಡುವ ಹಾಗೆ ಲೈವ್ ಹಾಕುತ್ತೇನೆ ಎಂದಳು. ಯಾರು ನೋಡುತ್ತಾರೆ ಎಂದೆ. ಮೊದಲ ದಿನ ಮೂವರು ನೋಡಿದರು. ಅದರಲ್ಲಿ ಒಬ್ಬಳು ಅವಳೇ, ಅಡಿಗೆಮನೆಯಲ್ಲಿ ಕೂತು ಫೋನಿನಲ್ಲಿ. ತಿಂಗಳು ಕಳೆಯುವಷ್ಟರಲ್ಲಿ ಐವತ್ತು ಅರವತ್ತು ಜನ ಆದರು. ಹೆಚ್ಚಿನವರು ನಮ್ಮ ಈ ಕನ್ನಡ-ತೆಲುಗು ಗಡಿಯ ಕಡೆಯವರು, ಎಲ್ಲೆಲ್ಲೋ ಕೆಲಸದಲ್ಲಿದ್ದವರು. ತಮ್ಮೂರು ಬಂದರೆ ಕೂಗಿ ಹೇಳಿ ಎಂದು ಬರೆಯುವರು. ಬಶೀರಾಬಾದಿನ ಕಡೆಯವರೊಬ್ಬರು ದಿನವೂ ಬರುತ್ತಿದ್ದರು. ಹೆಣ್ಣೋ ಗಂಡೋ ಇಂದಿಗೂ ಗೊತ್ತಿಲ್ಲ. ಅವರೇ ಒಂದು ದಿನ ಬರೆದರು: ಅಣ್ಣಾ, ನೀವು ಬಸ್ಸಿನಾಗಿಂದ ಅಲ್ಲ, ಬಾವ್ಯಾಗಿಂದ ಮಾತಾಡಿದಂಗ ಕೇಳಸ್ತದ.

ಮಗಳು ರೆಕಾರ್ಡ್ ಆದದ್ದನ್ನು ಹಾಕಿ ಕೇಳಿಸಿದಳು. ನಿಜವಾಗಿತ್ತು. ಲ್ಯಾಪ್‌ಟಾಪಿನೊಳಗಿನ ಚಿಕ್ಕ ಮೈಕಿಗೆ ಅದರದೇ ಫ್ಯಾನು ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು. ಅದರ ಹಿಂದೆಲ್ಲೋ ನಾನು. ಬೇರೆ ಮೈಕು ಬೇಕು, ನೇರವಾಗಿ ಯುಎಸ್‌ಬಿಗೆ ಚುಚ್ಚುವಂಥದ್ದು ಎಂದು ಅವಳು ತೀರ್ಮಾನಿಸಿದಳು. ಅಲ್ಲಿಂದ ನನ್ನ ದಿನಗಳಿಗೆ ಒಂದು ಕೆಲಸ ಸಿಕ್ಕಿತು. ಮಧ್ಯಾಹ್ನವೆಲ್ಲ ಫೋನಿನಲ್ಲಿ ಮೈಕುಗಳನ್ನು ನೋಡುತ್ತಾ ಮಲಗುವೆ. ಒಬ್ಬ ಇದು ಒಳ್ಳೆಯದೆನ್ನುವನು, ಇನ್ನೊಬ್ಬ ಅದನ್ನು ಕಸದ ಬುಟ್ಟಿಗೆ ಹಾಕಿ ಎನ್ನುವನು. ಕಂಡೆನ್ಸರ್ ಅಂತೆ, ಡೈನಮಿಕ್ ಅಂತೆ. ಕೆಲವಕ್ಕೆ ಕೆಳಗೆ ಮೂರುಕಾಲಿನ ಸ್ಟ್ಯಾಂಡು, ಕೆಲವಕ್ಕೆ ಮೇಲಿನಿಂದ ತೂಗುವ ಉದ್ದನೆಯ ತೋಳು. ಕೆಲವಕ್ಕೆ ತಲೆ ಮುಟ್ಟಿದರೆ ಸದ್ದು ಬಂದ್ ಆಗುವ ಗುಂಡಿ. ಹೊಲಕ್ಕೆ ಎತ್ತು ಕೊಳ್ಳುವಾಗ ಅಪ್ಪ ಹಲ್ಲು ನೋಡುತ್ತಿದ್ದ, ಗೊರಸು ನೋಡುತ್ತಿದ್ದ. ಇದರಲ್ಲಿ ಎಲ್ಲಿ ನೋಡಬೇಕೆಂದು ನನಗೆ ತಿಳಿಯಲಿಲ್ಲ. ಮಂಚದಿಂದೇಳದವನಿಗೆ ಮುಟ್ಟಿ ನೋಡುವ ಭಾಗ್ಯವೂ ಇಲ್ಲ.

ನಾವು ಆರಿಸುವುದರೊಳಗೆ ಹೆಂಡತಿಯ ತಮ್ಮ ಆರಿಸಿಬಿಟ್ಟ. ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯೊಂದರ ಆಫೀಸಿನಲ್ಲಿರುವ ಅವನು ಎಲ್ಲರ ಪರವಾಗಿ ಆರಿಸುವ ಮನುಷ್ಯ. ನಮ್ಮ ಮದುವೆಯ ಊಟದ ಸಿಹಿಯನ್ನೂ ಅವನೇ ಆರಿಸಿದ್ದ. ಒಂದು ದಿನ ದೊಡ್ಡ ಡಬ್ಬಿ ಹಿಡಿದು ಬಂದ. ಒಳಗೆ ತಂಬಿಗೆಯಷ್ಟು ದಪ್ಪದ ಮೈಕು. ಚುಚ್ಚಿದೊಡನೆ ಕೆಂಪು, ನೀಲಿ, ಹಸಿರು ದೀಪಗಳು ಅದರ ಮೈಯಲ್ಲಿ ಓಡಾಡತೊಡಗಿದವು. ಭಾವನಿಗೆ ಉಡುಗೊರೆ ಎಂದ. ಬೇಡವೆನ್ನಲು ಎಲ್ಲಿ ಬರುತ್ತದೆ? ಅದರ ಹಿಂದೊಂದು ತಿರುಗಣೆ ಇತ್ತು, ಸುತ್ತ ನಾಲ್ಕು ಸಣ್ಣ ಚಿತ್ರಗಳು. ಅವನು ಅದನ್ನು ಪೂರ್ತಿ ವೃತ್ತವಿದ್ದ ಚಿತ್ರಕ್ಕೆ ತಿರುಗಿಸಿ, ಈಗ ಫುಲ್ ಪವರ್ ಅದರಿ ಎಂದು ಹೇಳಿ, ಚಹಾ ಕುಡಿದು ಹೋದ. ಮಗಳು ಆಗ ಪರೀಕ್ಷೆಯ ಗಡಿಬಿಡಿಯಲ್ಲಿದ್ದಳು. ದನಿ ಚೆನ್ನಾಗಿ ಬರುತ್ತಿದೆಯೆಂದು ಒಮ್ಮೆ ಕೇಳಿ ಸುಮ್ಮನಾದಳು.

ಚೆನ್ನಾಗಿಯೇ ಬರುತ್ತಿತ್ತು. ನೋಡುವವರೆಲ್ಲ ಈಗ ರೇಡಿಯೊ ಕೇಳಿದಂತಿದೆ ಎಂದು ಬರೆದರು. ಮೈಕಿಗೇ ಹೆಡ್‌ಫೋನ್ ಚುಚ್ಚುವ ತೂತಿತ್ತು. ಅದನ್ನು ಹಾಕಿಕೊಂಡರೆ ಮೈಕಿಗೆ ಏನು ಕೇಳುತ್ತದೋ ಅದೆಲ್ಲ ನನ್ನ ಕಿವಿಯಲ್ಲಿ. ಮೊದಲು ನನ್ನ ಉಸಿರು ಕೇಳಿತು. ಆಮೇಲೆ ಹಾಸಿಗೆಯ ಸರಬರ. ಮತ್ತೆರಡು ದಿನಕ್ಕೆ ಪರದೆಯಾಚೆಯ ಮನೆ ಕೇಳತೊಡಗಿತು: ರೊಟ್ಟಿ ತಟ್ಟುವಾಗ ಹೆಂಡತಿಯ ಬಳೆ, ಕುಕ್ಕರಿನ ಸೀಟಿ ಏಳುವ ಮುಂಚಿನ ಸಣ್ಣ ಸುಯಿಲು, ಮಗಳು ಪುಸ್ತಕದ ಹಾಳೆ ತಿರುವುವುದು, ಬಚ್ಚಲಿನ ನಲ್ಲಿ ತೊಟ್ಟಿಕ್ಕುವುದು. ಸುಳ್ಳು ಹೇಳುವುದಿಲ್ಲ, ನನಗೆ ಬಹಳ ಸಂತೋಷವಾಯಿತು. ಎಂಟು ತಿಂಗಳಿಂದ ನನ್ನ ಮನೆಯ ಅಡಿಗೆಮನೆಯನ್ನು ನಾನು ನೋಡಿರಲಿಲ್ಲ. ಹೆಡ್‌ಫೋನ್ ಹಾಕಿದರೆ ಅಲ್ಲಿ ಮಣೆಯ ಮೇಲೆ ಹೋಗಿ ಕೂತ ಹಾಗೆ ಆಗುತ್ತಿತ್ತು.

ಒಂದು ಭಾನುವಾರ ತಾಂಡೂರಿನಿಂದ ಹೆಂಡತಿಯ ಅಕ್ಕ ಬಂದಿದ್ದಳು. ಹನ್ನೊಂದು ಗಂಟೆಯ ಸುಮಾರು. ನಾನು ಲೈವ್‌ನಲ್ಲಿದ್ದೆ. ಹಿಮದ ಊರೊಂದರ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ, ಜನ ಹತ್ತುವುದನ್ನು ಕಾಯುತ್ತಾ ನೀರು ಕುಡಿಯಲು ಬಾಟಲಿ ಎತ್ತಿದ್ದೆ. ಅಡಿಗೆಮನೆಯಲ್ಲಿ ಇಬ್ಬರೂ ಹೆಸರುಕಾಳು ಆರಿಸುತ್ತಿದ್ದದ್ದು ಮೊರದ ಸದ್ದಿನಿಂದ ತಿಳಿಯುತ್ತಿತ್ತು. ಹೆಂಡತಿಯ ದನಿ ಕೇಳಿತು. ಪಿಸುದನಿ, ಆದರೆ ನನ್ನ ಕಿವಿಯ ಹಾಲೆಗೆ ಬಾಯಿಟ್ಟು ಹೇಳಿದಷ್ಟು ಹತ್ತಿರ.

"ಡಾಕ್ಟರ್ ನನಗ ಬ್ಯಾರೆ ಕರ್ದು ಹೇಳ್ಯಾರಕ್ಕ. ಕೋಲು ಹಿಡ್ದು ನಡೀತಾರ, ಆದ್ರ ಇನ್ನ ಬಸ್ ಹೊಡಿಯಾಕ ಆಗಂಗಿಲ್ಲ ಅಂತ. ಕ್ಲಚ್ ತುಳಿಯೂ ಕಾಲು ಅದು."

"ಅವ್ರಿಗಿ ಹೇಳೀದಿ?"

"ಹ್ಯಾಂಗ ಹೇಳ್ಲಿ. ಆ ಆಟದಾಗ ಬಸ್ ಹೊಡಿಯಾಗ ಅವ್ರ ಮಾರಿ ನೋಡೀದೇನು ನೀ."

ಮೊರ ಮತ್ತೆ ಸದ್ದು ಮಾಡಿತು. ನನ್ನ ಕೈಯಲ್ಲಿ ಬಾಟಲಿ ಹಾಗೇ ಇತ್ತು. ಲ್ಯಾಪ್‌ಟಾಪಿನಲ್ಲಿ ಜನ ಹತ್ತಿ ಮುಗಿದಿತ್ತು, ಬಾಗಿಲು ತೆರೆದೇ ಇತ್ತು, ಬಸ್ಸು ಹೊರಡುವುದನ್ನೇ ಕಾಯುತ್ತಿತ್ತು. ಪಕ್ಕದಲ್ಲಿ ಒಂದು ಸಾಲು ಮೂಡಿತು, ಬಶೀರಾಬಾದಿನವರದು. ಅಣ್ಣಾ, ಮನ್ಯಾಗಿನ ಮಾತು ಹೊರಗ ಕೇಳಸಾಕತ್ತಾವ, ಮೈಕ್ ಬಂದ್ ಮಾಡ್ರಿ. ಅದರ ಕೆಳಗೆ ಯಾರೂ ಏನೂ ಬರೆಯಲಿಲ್ಲ. ಅರವತ್ತು ಜನ ನೋಡುತ್ತಿದ್ದರು, ಒಬ್ಬರೂ ಒಂದು ಅಕ್ಷರ ಬರೆಯಲಿಲ್ಲ. ಆ ಮರ್ಯಾದೆ ನನಗೆ ತಡೆಯಲಾಗಲಿಲ್ಲ. ಲೈವ್ ನಿಲ್ಲಿಸಿದೆ.

ಆ ಮಧ್ಯಾಹ್ನ ಅಕ್ಕತಂಗಿಯರು ನನಗೆ ಊಟ ತಂದುಕೊಟ್ಟರು. ಹೆಸರುಕಾಳಿನ ಪಲ್ಯ, ಜೋಳದ ರೊಟ್ಟಿ. ಉಂಡೆ. ಅಕ್ಕ, ಲಗೂನ ಆರಾಮಾಗಿ ತಾಂಡೂರಿಗಿ ನೀವೇ ಬಸ್ ಹೊಡ್ಕೊಂಡು ಬರ್ರಿ ಎಂದಳು. ಹೂಂ ಎಂದೆ. ಹೆಂಡತಿ ನೀರು ಬಗ್ಗಿಸುತ್ತಾ ತಲೆ ಎತ್ತಲಿಲ್ಲ.

ಮೈಕು ಕಿತ್ತು ಬದಿಗಿಡಬೇಕಿತ್ತು. ಇಡಲಿಲ್ಲ. ಮರುದಿನದಿಂದ ನಾನು ಮಾಡಿದ್ದು ಹೇಳಲು ನಾಚಿಕೆಯಾಗುವಂಥದ್ದು. ಲೈವ್ ಹಾಕದೆ, ಆಟವನ್ನು ಸುಮ್ಮನೆ ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟು, ಹೆಡ್‌ಫೋನ್ ಹಾಕಿ ಕೂರುತ್ತಿದ್ದೆ. ಅವರಿಗೆ ನಾನು ಬಸ್ಸು ಓಡಿಸುತ್ತಿದ್ದೇನೆ ಎಂದು ತೋರುತ್ತಿತ್ತು. ನಾನು ಮನೆಯನ್ನು ಕೇಳುತ್ತಿದ್ದೆ. ಇನ್ನೇನು ಮುಚ್ಚಿಟ್ಟಿದ್ದಾರೆ ಎಂಬ ಒಂದೇ ಯೋಚನೆ. ಮಗಳು ತಾಯಿಗೆ, ಮುಂದೆ ಓದಲು ಹೈದರಾಬಾದಿಗೆ ಹೋಗುವುದಿಲ್ಲ, ಈಗ ಬೇಡ ಎನ್ನುವುದು ಕೇಳಿದೆ. ಪಕ್ಕದ ಮನೆಯಾಕೆ ಬಂದು, ನಿಮ್ಮವರು ದಿನವೆಲ್ಲ ಒಬ್ಬರೇ ಮಾತಾಡುತ್ತಾರಲ್ಲ, ತಲೆಗೇನಾದರೂ ಪೆಟ್ಟಾಗಿತ್ತೇ ಎಂದು ಕೇಳಿದ್ದನ್ನೂ, ಹೆಂಡತಿ ಅವಳಿಗೆ ಮೆಲ್ಲಗೆ ತಿಳಿಸಿ ಹೇಳಿ ಕಳಿಸಿದ್ದನ್ನೂ ಕೇಳಿದೆ. ಒಂದು ದಿನ ಹೆಂಡತಿ ಮನೆಗೆ ಬಂದವಳೇ ನನಗೆ ಚಹಾ ಕೊಟ್ಟು, ನಗುತ್ತಾ ಅಂಗನವಾಡಿಯ ಮಗುವೊಂದರ ತಂಟೆ ಹೇಳಿ ಒಳಗೆ ಹೋದಳು. ಒಳಗೆ ಹೋಗಿ ಬಹಳ ಹೊತ್ತು ಸದ್ದೇ ಇಲ್ಲ. ಆಮೇಲೆ ನೆಲದ ಮೇಲೆ ಕೂತ ಸದ್ದು. ಒಬ್ಬಳೇ ಇದ್ದಳು. ತನಗೆ ತಾನೇ, "ನನಗೂ ಒಂದಿನ ಸುಮ್ನ ಮಲ್ಕೋಬೇಕು ಅನ್ನಸ್ತದ" ಎಂದಳು.

ಕಾಲು ಮುರಿದ ದಿನದಿಂದ ಸಿಕ್ಕಿಬಿದ್ದವನು ನಾನೊಬ್ಬನೇ ಎಂದು ತಿಳಿದಿದ್ದೆ. ಅಂದು ಗೊತ್ತಾಯಿತು, ಆ ಮೂರು ಕೋಣೆಗಳಲ್ಲಿ ನಾವು ಮೂವರೂ ಸಿಕ್ಕಿಬಿದ್ದಿದ್ದೆವು. ಗೊತ್ತಾಗಿಯೂ ನಾನು ಏನೂ ಮಾಡಲಾರದೆ ಹೋದೆ. ಎದ್ದು ಅವಳ ಪಕ್ಕ ಹೋಗಿ ಕೂರುವ ಕಾಲಿಲ್ಲ. ಕರೆದು ಮಾತಾಡಿಸಿದರೆ ಹೇಗೆ ತಿಳಿಯಿತೆಂದು ಹೇಳಬೇಕು. ಕೇಳುತ್ತಾ ಸುಮ್ಮನಿದ್ದೆ. ಕೇಳದೆ ಇರಲೂ ಆಗಲಿಲ್ಲ. ಊಟವಾದೊಡನೆ ಕೈ ತಾನಾಗಿ ಹೆಡ್‌ಫೋನಿಗೆ ಹೋಗುತ್ತಿತ್ತು.

ಗುಟ್ಟು ಹೊರಬಿದ್ದದ್ದು ಕಂಡಕ್ಟರ್ ಬಂದ ದಿನ. ಅವನು ಎಂದಿನಂತೆ ಸ್ಟೂಲಿನ ಮೇಲೆ ಕೂತು, ಹೊಸ ಡ್ರೈವರನ ಬಗ್ಗೆ ದೂರು ಹೇಳುತ್ತಿದ್ದ. ನೀವು ಬಂದ ಮೇಲೆ ಎಲ್ಲ ಸರಿಯಾಗುತ್ತದೆ ಎಂದ. ನನಗೆ ಒಮ್ಮೆಲೇ ಸುಸ್ತಾಯಿತು.

"ನಾ ಬರಂಗಿಲ್ಲೋ," ಎಂದೆ. "ಈ ಕಾಲಿಗಿ ಕ್ಲಚ್ ತುಳಿಯಾಕ ಆಗಂಗಿಲ್ಲಂತ ಡಾಕ್ಟರ್ ಹೇಳ್ಯಾರ."

ಹೆಂಡತಿ ಚಹಾದ ತಟ್ಟೆ ಹಿಡಿದು ಪರದೆಯ ಹತ್ತಿರ ನಿಂತಿದ್ದಳು. ತಟ್ಟೆಯನ್ನು ಮೆಲ್ಲಗೆ ನೆಲದ ಮೇಲಿಟ್ಟಳು. ನಿಮಗ ಯಾರು ಹೇಳಿದ್ರು ಎಂದು ಕೇಳಿದಳು. ನಾನು ಮೈಕಿನ ಕಡೆ ಕೈ ತೋರಿಸಿದೆ. ಅವಳಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ಹೆಡ್‌ಫೋನ್ ಎತ್ತಿ ಅವಳ ಕೈಗೆ ಕೊಟ್ಟೆ. ಅವಳು ಒಂದು ಕಿವಿಗೆ ಹಿಡಿದಳು. ಒಳಗೆ ಮಗಳು ಫೋನಿನಲ್ಲಿ ಯಾವಳೋ ಗೆಳತಿಯ ಜೊತೆ ಮಾತಾಡುತ್ತಿದ್ದಳು. ಹೆಂಡತಿ ಕೇಳುತ್ತಾ ನಿಂತಳು. ಅವಳ ಮುಖ ಮೊದಲು ಅಚ್ಚರಿಯಿಂದ ಅರಳಿ, ಆಮೇಲೆ ಒಂದೊಂದೇ ದಿನ ನೆನಪಾಗುತ್ತಿರುವಂತೆ ಬಾಡುತ್ತಾ ಬಂತು. ಕಂಡಕ್ಟರ್ ಚಹಾ ಕುಡಿಯದೆ ಎದ್ದು ಹೋದ.

"ಎಷ್ಟು ದಿನದಿಂದ?" ಎಂದಳು.

ಒಂದು ತಿಂಗಳಾಯಿತೆಂದೆ.

ಅವಳು ಬೈಯಲಿಲ್ಲ, ಅಳಲಿಲ್ಲ. ಡಾಕ್ಟರರ ಮಾತು ಮುಚ್ಚಿಟ್ಟದ್ದು ತನ್ನ ತಪ್ಪು ಎಂದಳು. ಆಮೇಲೆ, ನಾ ಒಬ್ಬಾಕಿನೇ ಇದ್ದಾಗ ಆಡಿದ್ದೂ ಕೇಳೀರೇನು ಎಂದಳು. ನಾನು ಹೆಡ್‌ಫೋನಿನ ವೈರನ್ನು ಮೈಕಿನಿಂದ ಕಿತ್ತೆ. ಅದೇ ಉತ್ತರವಾಯಿತು.

ಅಲ್ಲಿಂದ ನಮ್ಮ ಮನೆ ಮೂಕವಾಯಿತು. ಮಗಳು ಮೈಕಿನ ತಿರುಗಣೆಯನ್ನು ಮುಂದಿನ ದನಿ ಮಾತ್ರ ಹಿಡಿಯುವ ಚಿತ್ರಕ್ಕೆ ತಿರುಗಿಸಿ, ಮಾಮಾ ಇದನ್ನು ಸುತ್ತ ಕೂತು ಹರಟುವವರಿಗೆಂದೇ ಇರುವ ವೃತ್ತದ ಚಿತ್ರಕ್ಕೆ ಇಟ್ಟುಹೋಗಿದ್ದ ಎಂದು ತಾಯಿಗೆ ಬಿಡಿಸಿ ಹೇಳಿದಳು. ಹಾಕಿ ನೋಡಿದರೆ ಆಗಲೂ ಪಿಸುದನಿ ಅಷ್ಟಿಷ್ಟು ಸಿಕ್ಕಿತು. ಅದರ ಜಾತಿಯೇ ಅಂಥದ್ದು. ನಾನು ಆಮೇಲೆ ಅದನ್ನು ಚುಚ್ಚಲಿಲ್ಲ. ಹೆಂಡತಿಗೆ ನಂಬಿಕೆ ಬರಲಿಲ್ಲ. ಬಂದು ಅದರ ಮೇಲೆ ಟವೆಲ್ ಹೊದಿಸುವಳು. ಅಡಿಗೆ ಮಾಡುವಾಗ ಮಗಳಿಗೆ ಕೈಸನ್ನೆಯಲ್ಲೇ ಉಪ್ಪು ಕೇಳುವಳು. ಫೋನು ಬಂದರೆ ಮಾಳಿಗೆಗೆ ಹೋಗುವಳು. ಅವಳು ಮೆಟ್ಟಿಲು ಹತ್ತುವುದನ್ನು, ಮೇಲೆ ಅತ್ತಿಂದಿತ್ತ ನಡೆಯುವುದನ್ನು ಕೇಳುತ್ತಾ ನಾನು ಕೆಳಗೆ ಮಲಗಿರುವೆ. ಮೊದಲು ಕಾಲು ಕಟ್ಟಿಹಾಕಿತ್ತು. ಈಗ ಮನೆಯಲ್ಲಿ ಮಾತೇ ಇಲ್ಲವಾಗಿ, ಆ ಗಿಲಾವಿಲ್ಲದ ಗೋಡೆ ನಾಲ್ಕೂ ಕಡೆ ಬಂದು ನಿಂತ ಹಾಗಾಯಿತು.

ಕಾಲನ್ನು ಊರಬಹುದು, ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಬಹುದು ಎಂದು ಡಾಕ್ಟರು ಹೇಳಿದ ಮೇಲೆ ನಾನು ಮೊದಲು ಕೇಳಿದ್ದು ಜಹೀರಾಬಾದಿಗೆ ಹೋಗೋಣ ಎಂದು. ಯಾಕೆಂದಳು ಹೆಂಡತಿ. ಬೇರೆ ಮೈಕು ಆರಿಸಬೇಕು, ನೀನೇ ಆರಿಸು ಎಂದೆ. ಅವಳು ಬೇಡವೆನ್ನುವಳೆಂದುಕೊಂಡಿದ್ದೆ. ಮೈಕಿನ ಮೇಲಿನ ಟವೆಲನ್ನು ಸರಿಮಾಡಿ, ಶನಿವಾರ ಹೋಗೋಣ ಎಂದಳು.

ಬಸ್ಸು ಹತ್ತಲು ಕಂಡಕ್ಟರ್ ಕೈಕೊಟ್ಟ. ಬಾಗಿಲ ಹತ್ತಿರದ ಸೀಟಿನಲ್ಲಿ ಕಾಲು ಚಾಚಿ ಕೂತೆ. ಇಪ್ಪತ್ತೊಂದು ವರ್ಷ ಓಡಾಡಿದ ರಸ್ತೆಯನ್ನು ಪಕ್ಕದ ಕಿಟಕಿಯಿಂದ ನಾನು ಅಂದೇ ಮೊದಲು ನೋಡಿದ್ದು. ಎದುರಿನ ಗಾಜಿನಿಂದ ನೋಡಿದರೆ ರಸ್ತೆ ನಮ್ಮ ಕಡೆ ಬರುತ್ತದೆ. ಪಕ್ಕದಿಂದ ನೋಡಿದರೆ ಎಲ್ಲವೂ ಬಿಟ್ಟು ಹೋಗುತ್ತದೆ. ತೊಗರಿ ಹೊಲ, ಕಬ್ಬಿನ ಟ್ರ್ಯಾಕ್ಟರು, ಚಹಾದಂಗಡಿ, ಎಲ್ಲ. ಹೊಸ ಡ್ರೈವರ್ ಗೇರು ಕೆರೆದಾಗೆಲ್ಲ ನನ್ನ ಎಡಗಾಲು ನೆಲವನ್ನು ಒತ್ತುತ್ತಿತ್ತು, ತೊಡೆಯಲ್ಲಿ ಚಳುಕು ಏಳುತ್ತಿತ್ತು. ಹೆಂಡತಿ ನೋಡಿದಳು. ತನ್ನ ಚೀಲವನ್ನು ತೆಗೆದು ನನ್ನ ಪಾದದ ಕೆಳಗೆ ಇಟ್ಟಳು.

ಅಂಗಡಿ ಬಜಾರಿನ ಒಳಗಿನ ಗಲ್ಲಿಯಲ್ಲಿತ್ತು. ಮದುವೆ, ಜಲಸಾದ ಸಭೆ, ಭಜನೆ ಎಲ್ಲಕ್ಕೂ ಮೈಕು ಕೊಡುವ ಹಳೆಯ ಅಂಗಡಿ; ಈಗ ಫೋನಿನಲ್ಲಿ ವಿಡಿಯೊ ಮಾಡುವವರಿಗೂ ಸಾಮಾನು ಇಟ್ಟಿದ್ದರು. ಮಾಲೀಕರು ಎಪ್ಪತ್ತರ ಹತ್ತಿರದ ಹಿರಿಯ, ಬಿಳಿ ಗಡ್ಡ, ಉರ್ದು ಬೆರೆತ ನಮ್ಮದೇ ಮಾತು. ಏನು ಬೇಕೆಂದು ಕೇಳಿದರು. ನಾನು ಆಟ, ಲೈವ್, ಯುಎಸ್‌ಬಿ ಎಂದೆಲ್ಲ ಹೇಳುವುದಕ್ಕೆ ಹೊರಟೆ. ಹೆಂಡತಿ ತಡೆದಳು.

"ಮನ್ಯಾಗಿನ ಮಾತು ಕೇಳಬಾರ್ದು, ಅಂಥಾದ್ದು ಕೊಡ್ರಿ," ಎಂದಳು.

ಅವರು ನಮ್ಮಿಬ್ಬರ ಮುಖ ನೋಡಿದರು. ಕಾರಣ ಕೇಳಲಿಲ್ಲ. ಎರಡು ಮೈಕು ತೆಗೆದು ಮೇಜಿನ ಮೇಲಿಟ್ಟರು. ಒಂದು ನಮ್ಮ ಮನೆಯದರಂಥದ್ದೇ. ಅದು ಕಂಡೆನ್ಸರ್, ಬಹಳ ಸೂಕ್ಷ್ಮ ಕಿವಿಯದು, ಗೋಡೆಗಳಿಗೆ ಸ್ಪಂಜು ಬಡಿದ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಹಾಡುವವರಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ ಎಂದರು. ಇನ್ನೊಂದು ಕಪ್ಪಗೆ, ಒರಟಾಗಿ, ದೀಪವಿಲ್ಲದ್ದು. "ಇದು ಡೈನಮಿಕ್ ರಿ. ಬಾಯಿ ಮುಂದ ಹಿಡಿದ್ರ ಅಷ್ಟೇ ಕೇಳತದ. ನಾಲ್ಕು ಬಟ್ಟು ದೂರ ಇಡ್ರಿ, ಅದಕ್ಕಿಂತ ಹಿಂದ ಸರದ್ರ ನಿಮ್ಮ ಮಾತೂ ಹೋಗ್ತದ. ಜಲಸಾದಾಗ ಸಾವಿರ ಮಂದಿ ಗದ್ದಲ ಇದ್ರೂ ಮಾತಾಡೋರ ಮಾತಷ್ಟೇ ಬರ್ತದಲ್ಲ, ಅದೇ ಜಾತಿ."

ಅಂಗಡಿಯ ಕಂಪ್ಯೂಟರಿಗೆ ಚುಚ್ಚಿ, ನನಗೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿದರು. ನಾನು ಮಾತಾಡಿದೆ. ನನ್ನ ದನಿ ಸ್ವಲ್ಪ ದಪ್ಪಗೆ, ಸ್ವಲ್ಪ ಮಂಕಾಗಿ, ಆದರೆ ಸ್ಪಷ್ಟವಾಗಿ ಬಂತು. ಗಲ್ಲಿಯ ಆಟೊಗಳ ಸದ್ದು ಎಲ್ಲೋ ದೂರ. ಹೆಂಡತಿಗೆ ಕೈಸನ್ನೆ ಮಾಡಿ, ನನ್ನ ಹಿಂದೆ ನಾಲ್ಕು ಮಾರು ಹೋಗಿ ನಿಂತು ಮಾತಾಡು ಎಂದೆ. ಅವಳು ಹೋಗಿ ನಿಂತಳು. ಎದುರಿನ ಕಪಾಟಿನ ಗಾಜಿನಲ್ಲಿ ಅವಳು ನನಗೆ ಕಾಣುತ್ತಿದ್ದಳು. ಒಂದೆರಡು ಮಾತು ಆಡಿ ನಿಲ್ಲಿಸುವಳೆಂದುಕೊಂಡೆ. ನಿಲ್ಲಿಸಲಿಲ್ಲ. ನನ್ನ ಬೆನ್ನನ್ನೇ ನೋಡುತ್ತಾ ಹೇಳುತ್ತಲೇ ಹೋದಳು. ನಡುವೆ ಒಮ್ಮೆ ಸೆರಗಿನಿಂದ ಮೂಗು ಒರೆಸಿಕೊಂಡಳು, ಮತ್ತೆ ಹೇಳಿದಳು. ಅಂಗಡಿಯ ಹಿರಿಯರು ಬಾಗಿ ಮೇಜಿನ ಕೆಳಗೆ ಏನೋ ಹುಡುಕುವವರಂತೆ ಮಾಡಿದರು. ನನ್ನ ಕಿವಿಗೆ ಒಂದು ಅಕ್ಷರ ಬರಲಿಲ್ಲ. ಗಾಜಿನಲ್ಲಿ ಅವಳ ತುಟಿ ಓದಲು ಮನಸ್ಸು ಎಳೆಯಿತು. ತಲೆ ತಗ್ಗಿಸಿದೆ. ಆ ಕೆಲವು ನಿಮಿಷ ತಲೆ ತಗ್ಗಿಸಿ ಕೂತದ್ದು ಬಣವೆಯಿಂದ ಬಿದ್ದ ದಿನಕ್ಕಿಂತ ಕಷ್ಟವಾಗಿತ್ತು.

ಅವಳು ಬಂದು ಭುಜ ಮುಟ್ಟಿದಳು. ಹೆಡ್‌ಫೋನ್ ತೆಗೆದು, ಏನೂ ಕೇಳಿಸಲಿಲ್ಲ ಎಂದೆ.

"ಇದೇ ಇರ್ಲಿ," ಎಂದಳು.

ಏನು ಹೇಳಿದೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದೆ. ಅವಳು ಬಸ್ಸಿನ ಬೋರ್ಡು ನೋಡುತ್ತಾ, ಹೇಳೂದಿತ್ತು ಹೇಳೀನಿ ಎಂದಳು. ಇಂದಿಗೂ ಅದು ನನಗೆ ಗೊತ್ತಿಲ್ಲ.

ಹೊಸ ಮೈಕಿನ ಜೊತೆಗೂ ಹೊಂದಿಕೊಳ್ಳಬೇಕಾಯಿತು. ಅದಕ್ಕೆ ಮಂಚದ ಚೌಕಟ್ಟಿಗೆ ಬಿಗಿಯುವ ತೋಳು ತಂದೆವು, ಇಲ್ಲದಿದ್ದರೆ ಕೀಲಿ ಒತ್ತುವ ಟಕಟಕ ಮೈಕಿಗೆ ಹತ್ತುತ್ತಿತ್ತು. ಬಾಯಿಯ ಎದುರು ನಾಲ್ಕು ಬೆರಳು ದೂರದಲ್ಲಿ ಅದು ನಿಂತಿರುತ್ತದೆ. ತಲೆ ಆಚೀಚೆ ಮಾಡುವಂತಿಲ್ಲ, ನಗುವಾಗ ಹಿಂದಕ್ಕೆ ಒರಗುವಂತಿಲ್ಲ. ಗೂಟಕ್ಕೆ ಕಟ್ಟಿದ ಹಾಗೆ. ಮೊದಲ ದಿನ ಲೈವ್ ಹಾಕಿದಾಗ ಬಶೀರಾಬಾದಿನವರು, ದನಿ ಮೊದಲಿನಷ್ಟು ಛಂದ ಇಲ್ಲ, ಆದರ ಇದೇ ಒಳ್ಳೇದು ಎಂದು ಬರೆದರು. ಆವತ್ತಿನ ಭಾನುವಾರದ ಬಗ್ಗೆ ಅವರೂ ಬೇರೆ ಯಾರೂ ಒಂದು ಮಾತು ಎತ್ತಲಿಲ್ಲ. ದೀಪದ ಮೈಕನ್ನು ಹೆಂಡತಿ ಅಂಗನವಾಡಿಗೆ ಒಯ್ದಳು. ಮಕ್ಕಳನ್ನು ಸುತ್ತ ಕೂರಿಸಿ ಹಾಡು ರೆಕಾರ್ಡು ಮಾಡಲು ಅದಕ್ಕಿಂತ ಒಳ್ಳೆಯದಿಲ್ಲವಂತೆ.

ಅಡಿಗೆಮನೆಯಲ್ಲಿ ಮಾತು ಒಂದೇ ದಿನಕ್ಕೆ ಮರಳಿ ಬರಲಿಲ್ಲ. ಮೊದಲು ಪಾತ್ರೆ ಇಡುವ ಸದ್ದು ಜೋರಾಯಿತು. ಆಮೇಲೆ ಮಗಳ ಜೊತೆ ಒಂದು ಜಗಳ, ಹೈದರಾಬಾದಿನ ಓದಿನ ಬಗ್ಗೆ. ನಾನು ಹೆಡ್‌ಫೋನ್ ಹಾಕದೆಯೇ ಕೇಳಿದೆ, ಅಷ್ಟು ಗಟ್ಟಿಯಾಗಿ ಜಗಳವಾಡಿದರು. ಮಂಚದಿಂದಲೇ, ಆಕಿ ಹೋಗ್ಲಿ, ನಾ ನಡೀತೀನಿ ಈಗ ಎಂದು ಕೂಗಿದೆ. ಆ ಆಷಾಢದಲ್ಲಿ ಮಗಳು ಹೈದರಾಬಾದಿಗೆ ಹೋದಳು.

ಡಾಕ್ಟರರ ಹತ್ತಿರ ಕೊನೆಯ ಸಲ ಹೋದಾಗ ಅವರು ಎಕ್ಸ್‌ರೇ ನೋಡಿ, ನನ್ನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದರು. ಅವಳು, ಅವ್ರಿಗೇ ಹೇಳ್ರಿ ಎಂದಳು. ಡಾಕ್ಟರು ತೆಲುಗಿನಲ್ಲಿ, ನಿಧಾನವಾಗಿ, ಒಳ್ಳೆಯ ಮಾತುಗಳಲ್ಲಿ ಹೇಳಿದರು. ನಾನು ಮೊದಲ ಸಲ ಕೇಳುತ್ತಿರುವವನಂತೆ ಪೂರ್ತಿ ಕೇಳಿದೆ. ಕದ್ದು ಕೇಳಿದ್ದು, ಎದುರು ಕೂತು ಕೇಳಿದ್ದು, ಎರಡೂ ಒಂದೇ ಮಾತಾದರೂ ತೂಕ ಬೇರೆ.

ಈಗ ನನಗೆ ಡಿಪೋದಲ್ಲಿ ಕೂತು ಮಾಡುವ ಕೆಲಸ. ಯಾವ ಬಸ್ಸಿಗೆ ಯಾರು ಎಂದು ಬರೆದಿಡುವುದು, ಬಂದವರ ಸಹಿ ತೆಗೆದುಕೊಳ್ಳುವುದು. ಕೋಣೆಗೆ ಸಣ್ಣ ಕಿಟಕಿಯಿದೆ, ಸರಳುಗಳಿವೆ. ಡ್ರೈವರುಗಳು ಅದರಲ್ಲಿ ಕೈ ತೂರಿಸಿ ಚೀಟಿ ಪಡೆದು ಹೋಗುತ್ತಾರೆ. ತಾಂಡೂರಿನ ಸರದಿ ಕೇಳಿಕೊಂಡು ಬಂದವರಿಗೆ ಕೊಡುತ್ತೇನೆ. ಒಳ್ಳೆಯ ರಸ್ತೆ, ನಿಧಾನ ಹೊಡಿರಿ ಎನ್ನುತ್ತೇನೆ. ಅವರು ಹೂಂ ಎಂದು, ಕೇಳಿಸಿಕೊಳ್ಳದೆ ಹೋಗುತ್ತಾರೆ. ಭಾನುವಾರ ಮನೆಯಲ್ಲಿ ಒಂದು ಗಂಟೆ ಲೈವ್. ಸಂಜೆ ಕೆಲಸ ಮುಗಿಸಿ ಕೋಲೂರಿ ಮನೆಗೆ ನಡೆಯುತ್ತೇನೆ. ಐದು ನಿಮಿಷದ ದಾರಿಗೆ ಈಗ ಅರ್ಧ ತಾಸು. ನಡುವೆ ಒಂದು ಕಟ್ಟೆಯ ಮೇಲೆ ಕೂತು ಕಾಲಿಗೆ ದಣಿವಾರಿಸಿ, ಮತ್ತೆ ಏಳುತ್ತೇನೆ.